ಒಳಗೆ ಬಿಟ್ಟ ಎರಡಿಂಚು

ಊಟ ಬಿಡುವ ಕಾಯಿಲೆಯಿಂದ ಜನ ಸಾಯುತ್ತಾರೆ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದಿದ್ದರೆ ನಿಮ್ಮೊಬ್ಬರನ್ನೇ ಬೈಯಲಾರೆ. ನಮ್ಮ ಮನೆಯಲ್ಲೂ ಅದಕ್ಕೆ ಹಟ, ಸೊಕ್ಕು, ಷೋಕಿ ಎಂದೇ ಹೆಸರಿತ್ತು.

ನನ್ನ ಅಕ್ಕ ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದಳು. ಗುಂಡಿ ತೂರುವ ಆ ಪುಟ್ಟ ಸೀಳಿನ ಅಂಚಿಗೆ ಅವಳು ಹಾಕುತ್ತಿದ್ದ ಹೊಲಿಗೆ ಎಷ್ಟು ಒತ್ತಾಗಿರುತ್ತಿತ್ತೆಂದರೆ, ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಕಾಜಾ ಹಾಗೇ ಇರುತ್ತಿತ್ತು. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಅಂಚು ಮಡಿಸುತ್ತಿದ್ದೆ. ಈಗಲೂ ಎಲ್ಲಾದರೂ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಚುಂಯ್ ಎಂದರೆ ಆ ಅಂಗಡಿಯೇ ಎದ್ದು ಬರುತ್ತದೆ. ನೀಲಿ ಸೀಮೆಸುಣ್ಣದ ಪುಡಿ, ಕಾಲಡಿ ಬಣ್ಣಬಣ್ಣದ ಚಿಂದಿ, ಲೊಡಲೊಡ ಎನ್ನುವ ಮೂರನೇ ಮೆಷಿನ್ನು, ಅದರ ತಾಳಕ್ಕೆ ಅಕ್ಕ ಕಟ್ಟಿ ಹೇಳುತ್ತಿದ್ದ ಅಡ್ಡಾದಿಡ್ಡಿ ಹಾಡು.

ಕಟಿಂಗ್ ಮಾಸ್ತರರಿಗೆ ಒಂದು ಅಭ್ಯಾಸ. ಅಳತೆ ತೆಗೆಯುವಾಗ ತುಟಿಗಳ ನಡುವೆ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದರು. ಹಾಗಾಗಿ ಮಾತು ಅರ್ಧವೇ ಹೊರಬರುತ್ತಿತ್ತು. ಉಳಿದರ್ಧವನ್ನು ನಾವೇ ಹೊಲಿದುಕೊಳ್ಳಬೇಕು. “ಉಂ, ಟೀ” ಎಂದರೆ ತಂದುಕೊಡಿ ಎಂದೋ, ಕುಡಿದಿರಾ ಎಂದೋ ತಿಳಿಯದೆ, ಅವರಿಗೂ ಕೊಟ್ಟು ನಾವೂ ಕುಡಿದುಬಿಡುತ್ತಿದ್ದೆವು.

ಒಂದು ವರ್ಷ ಉಳಿದ ಬಟ್ಟೆಯಲ್ಲಿ ಕೆಲಸದವರಿಗೆಲ್ಲ ಮೇಲಂಗಿ ಕತ್ತರಿಸಿದರು. ಅಕ್ಕನಿಗೆ ಆಗ ಹತ್ತೊಂಬತ್ತು. ಅವಳ ಸೊಂಟಕ್ಕೆ ಟೇಪು ಸುತ್ತಿ, ಅಳತೆ ಬರೆಯುತ್ತಿದ್ದ ನನ್ನ ಕಡೆ ತಿರುಗಿ, ಸೂಜಿಗಳ ಸಂದಿಯಿಂದ “ಇವಳಿಗೆ... ಎರಡಿಂಚು ಬಿಡು” ಎಂದರು. ಮೂಲೆಯಲ್ಲಿ ರೇಡಿಯೋ ಪಕ್ಕ ನಿಂತಿದ್ದ ಇಸ್ತ್ರಿಯವಳು ಯಾವುದಕ್ಕೋ ನಕ್ಕಳು. ನಡೆದದ್ದು ಅಷ್ಟೇ.

ಅಕ್ಕ ಕೇಳಿಸಿಕೊಂಡದ್ದೇ ಬೇರೆ. ಇವಳದು ಊದಿಕೊಳ್ಳುವ ಮೈ, ಈಗಲೇ ಜಾಗ ಬಿಡು.

ಅಲ್ಲಿಂದ ಲೋಕವೆಲ್ಲ ಅವಳ ಕಿವಿಗೆ ಒಂದೇ ಮಾತಾಡತೊಡಗಿತು. ಬಸ್ಸಿನಲ್ಲಿ ಯಾರೋ ಎದ್ದು ಕಿಟಕಿ ಪಕ್ಕ ಹೋದರೆ ಅದು ಅವಳ ಮೈ ನೋಡಿ. ಗೆಳತಿ ಎರಡು ದಿನ ಫೋನ್ ಮಾಡದಿದ್ದರೆ ಅದೂ ಮೈ ನೋಡಿಯೇ. ಅಮ್ಮ ಬಡಿಸುತ್ತ “ಸಾಕಾ?” ಎಂದರೆ, ಇನ್ನೂ ಸಾಲದಾ ಎಂದು ಚುಚ್ಚಿದಂತೆ. ಮೊದಲು ರಾತ್ರಿಯೂಟ ಹೋಯಿತು, ಆಮೇಲೆ ಮಧ್ಯಾಹ್ನದ ಬುತ್ತಿ. ಡಬ್ಬಿಯೇನೋ ಖಾಲಿಯಾಗಿಯೇ ಮನೆಗೆ ಬರುತ್ತಿತ್ತು. ಅಂಗಡಿ ಹಿಂದಿನ ನಾಯಿ ಮೈ ತುಂಬಿಕೊಳ್ಳುತ್ತಿತ್ತು.

ನಾವೇನು ಮಾಡಿದೆವು? ಹೊಗಳಿದೆವು. ಸೂಜಿ ಥರ ಆಗಿದ್ದಾಳೆ ಎಂದೆವು, ಸೂಜಿ ಎಂದೇ ಕರೆದೆವು. ಅಷ್ಟೆಲ್ಲ ಮಾತನ್ನು ತಿರುಚಿ ಕೇಳಿಸಿಕೊಂಡವಳು ಆ ಹೊಗಳಿಕೆಯೊಂದನ್ನು ಮಾತ್ರ ನೆಟ್ಟಗೆ ಕೇಳಿಸಿಕೊಂಡಳು.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಾಜಾ ಹೊಲಿಯುತ್ತಲೇ ಕುಸಿದಳು. ಎತ್ತಲು ಹೋದ ಮಾಸ್ತರರ ಮುಷ್ಟಿಗೆ ಬರೀ ಮೇಲಂಗಿಯ ಬಟ್ಟೆ ಸಿಕ್ಕಿತು. ನೀರು ಕುಡಿಸಿ ಕೂರಿಸಿದರು. ತಮ್ಮ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟರು.

“ಏನಮ್ಮಾ ಇದು? ಊಟ ಮಾಡ್ತಿದ್ದೀಯೋ ಇಲ್ವೋ?”

“ನೀವೇ ಹೇಳಿದ್ರಲ್ಲ ಮಾಸ್ತರೇ, ಇವಳು ಊದ್ಕೋತಾಳೆ ಅಂತ.”

“ನಾನಾ? ಯಾವಾಗ?”

“ಎರಡಿಂಚು ಬಿಡು ಅಂದ್ರಿ.”

ಮಾಸ್ತರರು ಗೂಟದಿಂದ ತಮ್ಮ ಹಳೇ ಕೋಟು ತೆಗೆದು ಒಳಹೊರಗು ಮಾಡಿ, ಹೊಲಿಗೆಯ ಒಳಗೆ ಮಡಿಸಿಟ್ಟ ಹೆಚ್ಚಿನ ಬಟ್ಟೆ ತೋರಿಸಿದರು.

“ಇದು ನಮ್ಮಪ್ಪ ಬಿಟ್ಟಿದ್ದು. ಮೈ ಬಂದಾಗ ಎರಡು ಸಲ ಬಿಚ್ಚಿದೀನಿ, ಇಳಿದಾಗ ಒಂದ್ಸಲ ಹಿಡಿದಿದೀನಿ. ನಾಳೆ ಹರಿದುಹೋಗೋ ಬಟ್ಟೆಗೆ ಯಾರೂ ಬಿಡಲ್ಲ ಕಣಮ್ಮ. ಬಹಳ ವರ್ಷ ಬರ್ಲಿ ಅಂತ ಬಿಡೋದು. ನಿನ್ನ ತಂಗಿ ಅಳತೆ ಚೀಟೀಲೂ ಎರಡೇ ಇದೆ, ನೋಡು ಬೇಕಾದ್ರೆ.”

ಇತ್ತು. ಆ ಚೀಟಿ ಬರೆದವಳೇ ನಾನು. ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

ಅಂದೇ ಅವಳು ಹೊಟ್ಟೆ ತುಂಬ ಉಂಡಳೇ? ಇಲ್ಲ. ಒಂದು ಮಾತಿನಿಂದ ಬಂದದ್ದಲ್ಲ, ಒಂದು ಮಾತಿಗೆ ಹೋಗುವುದೂ ಇಲ್ಲ ಎಂದರು, ಆಮೇಲೆ ನಾವು ಅವಳನ್ನು ಕರೆದೊಯ್ದ ಡಾಕ್ಟರಮ್ಮ. ಹೊಟ್ಟೆ ಬರಿದಾದಷ್ಟೂ ಕಿವಿ ಕೆಡುತ್ತದೆ, ಕಿವಿ ಕೆಟ್ಟಷ್ಟೂ ಹೊಟ್ಟೆ ಬರಿದಾಗುತ್ತದೆ. ಔಷಧಿ, ಊಟದ ವೇಳೆಗಳ ಜೊತೆಗೆ ಒಂದು ಕೆಲಸವನ್ನೂ ಕೊಟ್ಟರು. ನಡೆದದ್ದೇನು, ನಾನು ಅಂದುಕೊಂಡದ್ದೇನು, ಬೇರೇನಿರಬಹುದು, ಇಷ್ಟನ್ನು ಬರೆಯಬೇಕು. ಅಕ್ಕ ಹಳೇ ಅಳತೆ ಚೀಟಿಗಳ ಬೆನ್ನಿಗೆ ಬರೆದಳು. ಒಂದು ನನ್ನ ಹತ್ತಿರ ಇನ್ನೂ ಇದೆ: ‘ಇಸ್ತ್ರಿಯವಳು ನಕ್ಕಳು. ನನ್ನನ್ನೇ ನೋಡಿ ನಕ್ಕಳು. ಬೇರೆ: ರೇಡಿಯೋದವನು ತೊದಲಿದ್ದಕ್ಕಿರಬಹುದು.’

ಎರಡು ವರ್ಷ ಹಿಡಿಯಿತು. ಮೂರನೆಯ ವರ್ಷ ಆ ಮೇಲಂಗಿ ಬಿಗಿಯಾಯಿತು. ಅಕ್ಕ ತಾನೇ ಬ್ಲೇಡು ಹಿಡಿದು ಒಂದಿಂಚು ಬಿಚ್ಚಿದಳು. ಹೊರಗಿನ ಬಟ್ಟೆ ಒಗೆದೊಗೆದು ಮಾಸಿತ್ತು. ಒಳಗಿನದು ಬಿಸಿಲು ಕಾಣದೆ ಹೊಸದರ ಹಾಗೆ ಕಡುನೀಲಿ. ಮೂರನೇ ಮೆಷಿನ್ನು ಲೊಡಲೊಡ ಎಂದಿತು, ಅವಳು ಹಾಡಿದಳು.

ನಿಮ್ಮ ಮನೆಯಲ್ಲೂ ಯಾರೋ ತಟ್ಟೆ ದೂಡುತ್ತಿರಬಹುದು. ಸಣ್ಣ ಆಗಿದ್ದೀಯ ಎಂಬ ಹೊಗಳಿಕೆಯನ್ನು ನುಂಗಿಕೊಳ್ಳಿ. ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಅದಕ್ಕೂ ಮೊದಲು, ಇವತ್ತೇ, ಬಾಯೊಳಗಿನ ಸೂಜಿ ತೆಗೆದಿಟ್ಟು ಪೂರ್ತಿ ಮಾತಿನಲ್ಲಿ ಕೇಳಿ: ನಾನು ಅಂದದ್ದು ನಿನಗೆ ಹೇಗೆ ಕೇಳಿಸಿತು?