ಬೆಳೆಯುತ್ತಿದ್ದ ಬಾವಿ

ಮೊನ್ನೆ ನಮ್ಮ ಓಣಿ ತುಂಬ ಸಕ್ಕರಿ ಹಂಚಿ ಬಂದೆ. ಯಾಕ ಅಂತ ಕೇಳಿದವರಿಗೆಲ್ಲ, ನಮ್ಮ ಮೊಮ್ಮಗಳು ಅತ್ತಳು, ಕಣ್ಣಾಗ ನೀರು ಬಂತು ಅಂದೆ. ಮಂದಿ ನಕ್ಕರು. ಎದುರು ಮನಿಯಾಕಿ ಸಕ್ಕರಿ ಬಾಯಿಗೆ ಹಾಕ್ಕೊಂಡು, "ಕೂಸು ನಕ್ಕರ ಹಂಚತಾರ, ಹಲ್ಲು ಬಂದರ ಹಂಚತಾರ. ಅತ್ತಿದ್ದಕ್ಕ ಹಂಚಾಕಿ ನೀ ಒಬ್ಬಾಕಿನ ನೋಡು ಯಕ್ಕಾ" ಅಂದಳು. ಅನ್ನಲಿ. ಹುಟ್ಟಿದ ಕೂಸಿಗೆ ಮೊದಲು ಕಣ್ಣೀರು ಇರೂದಿಲ್ಲ, ಬರೇ ದನಿ ಇರತೈತಿ. ಒಂದಷ್ಟು ದಿನ ಹೋದ ಮ್ಯಾಲೆ ಒಮ್ಮೆ ಹನಿ ಮೂಡತೈತಿ. ಆ ಹನಿ ಸಲುವಾಗಿ ನಾನು ದಿನಾ ಅದರ ಮಾರಿ ನೋಡಕೋತ ಕುಂತಿದ್ದೆ. ಅದು ಅಳಾಕ ಸುರು ಮಾಡಿದರ ಎಲ್ಲಾರೂ ಸಮಾಧಾನ ಮಾಡಾಕ ಓಡಿ ಬರತಿದ್ದರು, ನಾನು ಮಾತ್ರ ಸ್ವಲ್ಪ ತಡೀರಿ, ಇನ್ನೊಂದೀಟು ಅಳಲಿ ಅಂತಿದ್ದೆ. ಮುದುಕಿಗೆ ತಲಿ ಕೆಟ್ಟೈತಿ ಅಂತ ಅಳಿಯ ತಿಳಕೊಂಡಿರಬೇಕು.

ನಾನು ಮೂರನೇ ಇಯತ್ತೆ ಕಲಿತಾಕಿ. ಅಕ್ಷರ ಸೊಟ್ಟ ಅದಾವ. ಆದರೂ ಸಂತೋಷ ಹೊಟ್ಟಿಯೊಳಗ ಹಿಡಿಸವಲ್ದು, ಅದಕ್ಕ ಬರದು ಇಡತೇನಿ. ಈ ಕೂಸಿನ ಅವ್ವ, ಅಂದರ ನನ್ನ ಮಗಳು, ತಾನು ಕೂಸಿದ್ದಾಗ ಒಮ್ಮೆ ಕಣ್ಣೀರು ಬತ್ತಿಸಿಕೊಂಡು ಕುಂತಿದ್ದಳು. ಅದರ ಕತಿ ಇದು.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮೂರು ನಾಲತವಾಡದ ಬಾಜೂಕ. ಕೂಲಿ ಮಂದಿ ಕರಕೊಂಡು ಹೋಗೂ ಮುದ್ದೇಬಿಹಾಳದ ಮುಕಾದಮ ಒಬ್ಬ ಬಂದು, ಗೋವಾದಾಗ ಸಮುದ್ರದ ದಂಡಿಗೆ ದೊಡ್ಡ ಹೋಟೆಲ್ ಕಟ್ಟಾಕತ್ಯಾರ, ಪರದೇಶದ ಮಂದಿ ಬಂದು ಇರತಾರಂತ, ಮಳಿಗಾಲದ ತನಕ ಕೆಲಸ ಐತಿ ಬರ್ರಿ ಅಂದ. ದೀವಳಿಗಿ ಮುಗಿಸಿ ನಾವು ಹೊಂಟ್ವಿ. ನಾನು, ನಮ್ಮವರು, ನಮ್ಮತ್ತಿ, ಉಡಿಯೊಳಗ ಎರಡು ತಿಂಗಳ ಮಗಳು. ಇಂಡಿ, ಸಿಂದಗಿ, ಬಾಗೇವಾಡಿ ಕಡೆಯವರೂ ಗುಂಪಿನಾಗ ಇದ್ದರು. ಊರು ಬ್ಯಾರೆ ಆದರೂ ಎಲ್ಲಾರ ಬುತ್ತಿಯೊಳಗ ರೊಟ್ಟಿ ಒಂದ.

ಸಮುದ್ರದ ದಂಡಿಗುಂಟ ಉದ್ದಕ ಉಸುಕಿನ ದಿನ್ನಿ ಇತ್ತು, ನಮ್ಮ ಕಡೆ ಕೆರಿ ಏರಿ ಇದ್ದಂಗ. ಆ ದಿನ್ನಿ ಹಿಂದ ನಮ್ಮ ಜೋಪಡಿ. ಸಮುದ್ರ ಕಾಣತಿರಲಿಲ್ಲ, ಬರೇ ಸಪ್ಪಳ ಕೇಳತಿತ್ತು. ಜೋಪಡಿ ಮುಂದ ತೆಂಗಿನ ಗಿಡ, ಅದರಾಚೆ ಕಲ್ಲು ಕಟ್ಟಿದ ಸಣ್ಣ ಬಾವಿ. ಅದರ ಕಟ್ಟಿ ನನ್ನ ಮೊಣಕಾಲಿನಷ್ಟೂ ಎತ್ತರ ಇರಲಿಲ್ಲ. ಬಗ್ಗಿದರ ನೀರಿನಾಗ ನನ್ನ ಮಾರಿ ನನಗ ಕಾಣತಿತ್ತು. ನಮ್ಮೂರಾಗ ನೀರು ತರಬೇಕಂದರ ಬಾವಿ ಮೆಟ್ಟಲಾ ಇಳಿದಿಳಿದು ತಳಾ ಮುಟ್ಟಬೇಕು. ಇಲ್ಲಿ ಕೊಡ ಬಾಗಿಸಿದರ ಸಾಕು. ನೀರು ಕುಡಿದು ನೋಡಿದರ ಕಬ್ಬಿನ ಹಾಲಿನಂಗ ಸೀ. ನಮ್ಮತ್ತಿ ಕಣ್ಣು ಮುಚ್ಚಿ ಕೈ ಮುಗಿದರು. "ಉಪ್ಪಿನ ಮಗ್ಗಲಾಗ ಮಲಗಿದ್ದರೂ ಈ ಗಂಗವ್ವ ಹೆಂಗ ಸೀ ಉಳದಾಳ ನೋಡು" ಅಂದರು.

ಮೊದಲನೇ ಕೆಲಸ ದಿನ್ನಿದು. ಹೋಟೆಲಿನ ಖೋಲಿಯೊಳಗ ಕುಂತರ ಸಮುದ್ರ ಕಾಣಬೇಕಂತ. ದಿನ್ನಿ ತುಂಬ ಒಂದು ಬಳ್ಳಿ ಹಬ್ಬಿತ್ತು, ಆಡಿನ ಗೊರಸಿನಂಥ ಎಲಿ, ನೇರಳಿ ಬಣ್ಣದ ಹೂವು. ಹೋಟೆಲಿನ ಸಾಹೇಬರು ಮ್ಯಾಲ ಮ್ಯಾಲ ಕೊಯ್ದು ಹಸನ ಮಾಡ್ರಿ ಅಂದಿದ್ದರು, ಅಷ್ಟ. ಆದರ ನಮ್ಮ ಗಂಡಸರು ಎರಿಭೂಮಿಯವರು. ಹೊಲದಾಗ ಕರಕಿ ಬಿದ್ದರ ಆಳುದ್ದ ಅಗದು, ಬೇರಿನ ಕಡೀ ಎಳಿ ತನಕ ತಗದು, ಬಿಸಲಿಗೆ ಒಣಗಿಸಿ ಸುಟ್ಟ ಮ್ಯಾಲೆನ ಮನಿಗೆ ಬರೂ ಮಂದಿ. ಬೇರು ಬಿಟ್ಟು ಬಂದವನನ್ನ ನಮ್ಮೂರಾಗ ಗಂಡಸು ಅಂತ ಯಾರೂ ಅನ್ನೂದಿಲ್ಲ. ಸಿಂದಗಿ ಕಡೆಯವನೊಬ್ಬ, "ನಾವೇನು ಹಜಾಮತಿ ಮಾಡಾಕ ಬಂದೀವೇನಪಾ, ಮ್ಯಾಲಿಂದು ಕತ್ತರಿಸಿ ಹೋಗಾಕ" ಅಂದ. ಎಲ್ಲಾರೂ ನಕ್ಕು ಗುದ್ದಲಿ ಎತ್ತಿದರು. ಬೇರು ಎಳದಷ್ಟೂ ಬಂತು, ಹಗ್ಗದಂಗ. ದಿನ್ನಿ ಒಳಗೆಲ್ಲ ಹೆಣೆದಿಟ್ಟಂಗ ಇತ್ತು. ಎಲ್ಲಾ ತಗದು ರಾಶಿ ಹಾಕಿ ಬೆಂಕಿ ಹಚ್ಚಿದರು. ಸಾಹೇಬರು ಬಂದು ನೋಡಿ, ಬಿಜಾಪುರದವರ ಕೆಲಸ ಭಾರೀ ಸಾಫ್ ಅಂತ ಹೊಗಳಿದರು. ಆಮ್ಯಾಲೆ ಲಾರಿ ಬಂದು ಅರ್ಧ ಉಸುಕು ತುಂಬಕೊಂಡು ಹೋದುವು.

ಅವತ್ತಿನಿಂದ ಒಂದು ಸಪ್ಪಳ ಸುರು ಆತು. ಸಮುದ್ರದ್ದಲ್ಲ. ಯಾರೋ ಬಾಯಿ ಮುಂದ ಬೆರಳು ಇಟ್ಟು ಶ್ ಅಂತ ಸುಮ್ಮನಿರಿಸಿದಂಗ. ಮಧ್ಯಾಹ್ನದ ಸುಡು ಬಿಸಲಿನಾಗ, ಗಂಡಸರೆಲ್ಲಾ ಕೆಲಸಕ್ಕ ಹೋದಾಗ, ಆ ಸಪ್ಪಳ ನೆಲದ ಮ್ಯಾಲಿಂದ ಬರತಿತ್ತು. ನೋಡಿದರ ಉಸುಕು ಹರದಾಡಾಕತ್ತಿತ್ತು, ಹಾವಿನಂಗ ಸಣ್ಣ ಸಣ್ಣ ಎಳಿ ಆಗಿ. ರೊಟ್ಟಿಯೊಳಗ ಉಸುಕು, ಕೂಸಿನ ಕಿವಿಯೊಳಗ ಉಸುಕು. ಮೊದಲು ದಂಡಿ ತುಂಬ ಓಡಾಡತಿದ್ದ ಕೆಂಪನ್ನ ಏಡಿಗಳು ಎಲ್ಲಿ ಹೋದುವೋ ಒಂದೂ ಕಾಣಲಿಲ್ಲ. ನಮ್ಮ ಹೆಜ್ಜಿ ಗುರುತು ತಿರುಗಿ ನೋಡೂದರೊಳಗ ಅಳಿಸಿ ಹೋಗಿರತಿತ್ತು. ನಾವು ಅಲ್ಲಿ ಇಲ್ಲವ ಇಲ್ಲ ಅನ್ನೂವಂಗ.

ಸಂಕ್ರಾಂತಿ ಕಳದ ಮ್ಯಾಲೆ ಒಂದು ಮುಂಜಾನಿ ನೀರಿಗೆ ಹೋದೆ. ಬಾವಿಕಟ್ಟಿ ನನ್ನ ಮೊಣಕಾಲು ದಾಟಿತ್ತು. ನಾನ ತಪ್ಪಿ ನೋಡೀನಿ ಅಂದುಕೊಂಡೆ. ಮುಂದಿನ ವಾರ ಅದು ತೊಡಿಗೆ ಬಂದಿತ್ತು. ಶಿವರಾತ್ರಿ ಹೊತ್ತಿಗೆ ನಡಾ ಮುಟ್ಟಿತು. ಮಣ್ಣಿನೊಳಗ ಎಂದೂ ಬೆಳಕು ಕಾಣದ ಕಲ್ಲು ಒಂದರ ಕೆಳಗ ಒಂದು ಹೊರಗ ಬಂದು ನಿಂತಿದ್ದುವು, ಹಸಿ ಹಸಿ, ಕಪ್ಪಗ. ನಾನು ಓಡಿ ಹೋಗಿ ಅತ್ತಿಗೆ ಹೇಳಿದೆ.

ಅತ್ತಿ ಬಂದು ಸುತ್ತ ಒಂದು ಸುತ್ತು ತಿರುಗಿದರು. ನಮ್ಮ ಕಡೆ ಹುತ್ತ ಬೆಳೆದರ ಪೂಜಿ ಮಾಡತೀವಿ. ಹಂಗಿದ್ದ ಮ್ಯಾಲೆ ಬಾವಿ ಬೆಳೆದರ ಸುಮ್ಮನ ಇರಾಕ ಆಗತೈತೇನು. "ಗಂಗವ್ವ ಮ್ಯಾಲ ಎದ್ದು ಬರಾಕತ್ಯಾಳ" ಅಂದರು ಅತ್ತಿ. ಸಂಜೀಕ ಎಲ್ಲಾರೂ ಕೂಡಿ ಅರಿಷಿಣ ಕುಂಕುಮ ಹಚ್ಚಿ, ಹಸರು ಕುಬಸದ ಕಣ ಕಟ್ಟಿ, ಬಾವಿಗೆ ಉಡಿ ತುಂಬಿದ್ವಿ. ಅತ್ತಿ ನನ್ನ ಮಗಳನ್ನ ಬಾವಿ ಮುಂದ ಹಿಡದು ಬೇಡಿಕೊಂಡರು: "ಈ ಕೂಸಿನ ಜವಳ ತಗಿಸೂ ತನಕ ನಿನ್ನ ನೀರು ಬಿಟ್ಟು ಬ್ಯಾರೆ ನೀರು ಇದರ ಬಾಯಿಗೆ ಹಾಕೂದಿಲ್ಲ ತಾಯಿ."

ಬಾವಿ ಹಿಂದ ಮೀನುಗಾರರ ಒಂದು ಮನಿ ಇತ್ತು. ಆ ಮನಿ ಮುದುಕಿಯ ತವರು ಕಾರವಾರ, ಅದಕ್ಕ ಕನ್ನಡ ಬರತಿತ್ತು. ಬಾವಿ ಅವರ ಮಾವನ ಕಾಲದ್ದು. ನಾನು ಆಯಿ ಅಂತ ಕರೀತಿದ್ದೆ. ಆಕಿ ಬಾಗಿಲಾಗ ನಿಂತು ನಮ್ಮ ಪೂಜಿ ನೋಡಿ, "ನಿಮ್ಮೂರಲ್ಲಿ ನೀರಿಲ್ಲ ಅಂತ ಬಾವಿಗೂ ಬಟ್ಟೆ ಉಡಿಸ್ತೀರಾ ಬಾಯಿ? ನಾಳೆ ಲಗ್ನ ಯಾವಾಗ?" ಅಂತ ಕೇಳಿದಳು. ಅತ್ತಿ ಮಾರಿ ತಿರುವಿದರು. ಮರುದಿನ ನೋಡಿದರ ಆಕಿಯ ಸೊಸಿ ತಲಿ ಮ್ಯಾಲ ಕೊಡ ಇಟಕೊಂಡು ದೂರದ ಇನ್ನೊಂದು ಬಾವಿಗೆ ಹೊಂಟಿದ್ದಳು. ಇಷ್ಟು ಹತ್ತಿರ ಬಿಟ್ಟು ಯಾಕ ಅಂತ ನಾನು ಕೇಳಿದೆ. ಆಯಿ ನನ್ನ ಮಾರಿ ನೋಡಿ, "ನೀನು ಕುಡೀತಿದ್ದೀಯಲ್ಲ, ನಿನಗೆ ಗೊತ್ತಿಲ್ವಾ?" ಅಂದಳು.

ಗೊತ್ತಿತ್ತು. ಹೋಟೆಲಿನವರು ತಮ್ಮ ದೊಡ್ಡ ಬಾವಿಗೆ ಇಂಜಿನ್ ಕೂಡ್ರಿಸಿದ ಮ್ಯಾಲೆ ಅದು ಹಗಲೆಲ್ಲಾ ನೀರು ಎಳೀತಿತ್ತು. ನಮ್ಮ ಬಾವಿ ನೀರು ಸಣ್ಣಗ ರುಚಿ ಬದಲಿಸಿತ್ತು. ಮೊದಲು ನಾಲಿಗಿ ತುದಿಗೆ ಒಂದೀಟು, ಆಮ್ಯಾಲೆ ಗಂಟಲಿಗೆ. ಕುಡದಷ್ಟೂ ನೀರಡಿಕಿ. ಆದರ ಗಂಗವ್ವನ್ನ ಉಪ್ಪು ಅಂದರ ಬಾಯಿಗೆ ಹುಳ ಬೀಳತಾವ ಅನ್ನೂ ಅಂಜಿಕಿ. ಉಂಡು ಎದ್ದವರೆಲ್ಲಾ ನೀರು ಕುಡದು ಒಬ್ಬರ ಮಾರಿ ಒಬ್ಬರು ನೋಡತಿದ್ದರು, ತುಟಿ ಒರಸಿಕೊಂಡು ಏಳತಿದ್ದರು. ಯಾರೂ ಏನೂ ಅನ್ನತಿರಲಿಲ್ಲ. ಬಾವಿ ಮಾತ್ರ ಬೆಳೀತಾನ ಇತ್ತು. ನನ್ನ ಎದಿ ಮಟ ಬಂತು. ಸಂಜಿ ಬಿಸಲಿಗೆ ಅದರ ನೆಳ್ಳು ನಮ್ಮ ಜೋಪಡಿ ಬಾಗಿಲಿನೊಳಗ ಬಂದು ಕುಂದರತಿತ್ತು.

ಆ ನೀರು ಮಗಳ ಹೊಟ್ಟಿಗೆ ಹಿಡೀಲಿಲ್ಲ. ನನ್ನ ಎದಿಯೊಳಗ ಹಾಲು ಕಡಿಮಿ ಆಗಿತ್ತು, ಅದಕ್ಕ ಗಂಜಿ ಕುಡಸತಿದ್ದೆ, ಆ ಗಂಜಿಗೂ ಅದ ನೀರು. ತುಂಬಿಕೊಂಡಿದ್ದ ಗಲ್ಲ ಇಳಿದುವು. ನೆತ್ತಿ ಒಳಗ ಹೋತು. ಅಳತಿದ್ದಳು, ಆದರ ಆಡಿನ ಮರಿಯಂಗ ಬರೇ ದನಿ. ಕಣ್ಣು ಒಣಗಿ ಗಾಜಿನಂಗ ಕಾಣತಿದ್ದುವು. "ಅತ್ತಿ, ಬ್ಯಾರೆ ನೀರು ಹಾಕೂನು" ಅಂದೆ.

"ಬೇಡಿಕೊಂಡ ಮಾತು ಮುರದರ ಕೂಸಿಗೆ ಹತ್ತತೈತಿ" ಅಂದರು ಅತ್ತಿ.

"ಈಗ ಏನು ಹತ್ತಿಲ್ಲೇನ್ರಿ ಮತ್ತ?"

ಅತ್ತಿ ಕೂಸಿನ ತಲಿ ಸವರಿದರು. ಅವರಿಗೂ ಮೊಮ್ಮಗಳು ಅಂದರ ಜೀವ. ಅಂಜಿಕಿ ಅಷ್ಟ ಅವರನ್ನ ಹಿಡದು ನಿಂದರಿಸಿತ್ತು.

ಮಗಳ ಜೋಳಿಗಿಯನ್ನ ಬಾಗಿಲ ಮುಂದಿನ ಎರಡು ತೆಂಗಿನ ಗಿಡಕ್ಕ ಕಟ್ಟಿದ್ವಿ, ನನ್ನ ಹಳೇ ಸೀರಿದು. ಬಂದ ಹೊಸದರಾಗ ನಾನು ನೆಲದ ಮ್ಯಾಲ ಕುಂತು ಅದನ್ನ ತೂಗತಿದ್ದೆ. ಆ ದಿನ ಮುಂಜಾನಿ ನಮ್ಮವರು ಕೂಸನ್ನ ಅದರಾಗ ಮಲಗಿಸಿ ಕೆಲಸಕ್ಕ ಹೋಗಿದ್ದರು. ಈಗ ಬಿಸಲು ನೆತ್ತಿ ಮ್ಯಾಲ ಇತ್ತು. ಗಾಳಿ ನಿಂತಿತ್ತು. ಕೂಸು ಮಿಸುಕಲಿಲ್ಲ ಅಂತ ಎತ್ತಿಕೊಳ್ಳಾಕ ಹೋದೆ. ಕೈ ಎಟುಕಲಿಲ್ಲ. ತುದಿಗಾಲ ಮ್ಯಾಲ ನಿಂತೆ. ಬೆರಳಿಗೆ ಜೋಳಿಗಿಯ ಅಂಚು ಸಿಕ್ಕಿತು, ಅಷ್ಟ. ಯಾರೋ ನನ್ನ ಕೂಸನ್ನ ದಿನಕ್ಕೀಟು ದಿನಕ್ಕೀಟು ಮ್ಯಾಲ ಎತ್ತಿಕೊಂಡು ಹೊಂಟಾರ ಅನಿಸಿತು. ದಿನಾ ಎತ್ತಿ ದಿನಾ ಮಲಗಿಸಿ, ಕೈ ಎಷ್ಟು ಮ್ಯಾಲ ಹೊಂಟೈತಿ ಅನ್ನೂದು ನನಗ ತಿಳದ ಇರಲಿಲ್ಲ.

ಆಗ ಗಿಡದ ಬುಡಾ ನೋಡಿದೆ. ಬುಡದ ಉಸುಕೆಲ್ಲಾ ಹಾರಿ ಹೋಗಿ ತೆಂಗಿನ ಗಿಡ ನೆಲದಾಗ ಇರಲಿಲ್ಲ. ಬೇರಿನ ಮ್ಯಾಲ ನಿಂತಿತ್ತು, ಬರಿಗಾಲಿನಾಗ ತುದಿಬೆರಳೂರಿ ನಿಂತ ಮನಿಶಾನಂಗ. ಬೇರಿನ ಸಂದ್ಯಾಗ ಬೆಳಕು ಕಾಣತಿತ್ತು. ಆ ಸಂದ್ಯಾಗಿಂದನ, ದಿನ್ನಿ ಇದ್ದಲ್ಲಿ, ಮೊದಲನೇ ಸರತಿ ನಮ್ಮ ಬಾಗಿಲಿನಿಂದ ಸಮುದ್ರ ಕಂಡಿತು. ಇಷ್ಟು ದಿನ ಬರೇ ಕೇಳಸತಿದ್ದದ್ದು ಈಗ ಎದುರಿಗೆ ಬಂದು ಕುಂತಿತ್ತು.

"ಅತ್ತಿ" ಅಂತ ಕೂಗಿದೆ. "ಬಾವಿ ಬೆಳದಿಲ್ರಿ. ನಾವ ಇಳಿಯಾಕತ್ತೀವಿ."

ಅತ್ತಿ ಓಡಿ ಬಂದರು. ನಾನು ಬುಟ್ಟಿ ಬೋರಲ ಹಾಕಿ ಹತ್ತಿ ಕೂಸನ್ನ ಇಳಿಸಿಕೊಂಡೆ. ಅತ್ತಿ ಬೇರು ನೋಡಿದರು, ಬಾವಿ ನೋಡಿದರು. ಕಡೀಕ ಕೂಸಿನ ತುಟಿ ಮ್ಯಾಲ ಬೆರಳು ಆಡಿಸಿದರು. ತುಟಿ ಮ್ಯಾಲ ಬೆಳ್ಳಗ ಒಣಗಿದ್ದದ್ದು ಬೆರಳಿಗೆ ಹತ್ತಿತು. ಅದನ್ನ ನಾಲಿಗಿಗೆ ಹಚ್ಚಿಕೊಂಡರು.

"ಉಪ್ಪು" ಅಂದರು ಅತ್ತಿ.

ಅಷ್ಟು ದಿನದಾಗ ಆ ಮಾತು ಬಾಯಿಬಿಟ್ಟು ಅಂದವರು ಅವರ ಮೊದಲು. ಮೀನುಗಾರರ ಆಯಿ ಕೇಳಿಸಿಕೊಂಡು ಎಳನೀರು ತಂದಳು. ಈ ಸರತಿ ನಗಲಿಲ್ಲ. "ಇದು ಬಾವಿ ನೀರಲ್ಲ ಅಮ್ಮ, ಮರದ್ದು. ಇದಕ್ಕೆ ನಿಮ್ಮ ದೇವರು ಸಿಟ್ಟಾಗೋದಿಲ್ಲ" ಅಂದಳು. ಅತ್ತಿ ತಾವ ಚಮಚೆಯಿಂದ ಕೂಸಿಗೆ ಕುಡಿಸಿದರು. ನಾವು ಗಂಟು ಕಟ್ಟೂದರಾಗ ಜೋಳಿಗಿ ಕಟ್ಟಿದ್ದ ಎರಡರಾಗ ಒಂದು ಗಿಡ ಮಲಗಿತು. ಸಪ್ಪಳ ಇಲ್ಲ, ಏನಿಲ್ಲ. ಉಸುಕಿನ ಮ್ಯಾಲ ಬಿದ್ದದ್ದು, ದಣಿದವರು ಅಡ್ಡ ಆದಂಗ.

ಹೋಗೂ ಮುಂಚೆ ಅತ್ತಿ ಬಾವಿಗೆ ಕಟ್ಟಿದ ಕುಬಸದ ಕಣ ಬಿಚ್ಚಿಕೊಳ್ಳಾಕ ಹೋದರು. ಕಟ್ಟಿದ್ದು ಕುತ್ತಿಗಿಗಿಂತ ಮ್ಯಾಲ ಹೋಗಿತ್ತು, ಬಿಚ್ಚಾಕ ಮನಸು ಬರಲಿಲ್ಲ, ಕೈ ಮುಗದು ಬಿಟ್ಟು ಬಂದರು. ನಮ್ಮವರು ಉಳಿದ ಕೆಲಸಕ್ಕ ಅಂತ ನಿಂತರು, ನಾವಿಬ್ಬರು ಹೆಂಗಸರು ಕೂಸು ಕಟಗೊಂಡು ಬಸ್ ಹತ್ತಿದ್ವಿ. ಹಾದಿ ತುಂಬ ಎಳನೀರು. ಕೂಸು ಗುಟುಕು ಗುಟುಕು ಕುಡೀತು, ಆದರ ಕಣ್ಣು ತೆರೀಲಿಲ್ಲ. ನಾನು ಅದರ ಮೂಗಿನ ಹತ್ತರ ಬೆರಳು ಹಿಡಕೊಂಡ ಕುಂತಿದ್ದೆ.

ಮುದ್ದೇಬಿಹಾಳದಾಗ ಡಾಕ್ಟರ ಸೂಜಿ ಮಾಡಿದರು. ಉಳೀತೈತಿ ಅಂತ ಮಾತು ಮಾತ್ರ ಕೊಡಲಿಲ್ಲ. ಊರು ಮುಟ್ಟಿದ್ವಿ. ಅತ್ತಿ ಮೊದಲು ನಮ್ಮ ಬಾವಿಗೆ ಹೋದರು, ಆ ವಯಸ್ಸಿನಾಗ ಮೆಟ್ಟಲಾ ಇಳಿದು ನೀರು ತಂದರು. ತಾವು ಒಂದು ಗುಟುಕು ಕುಡದು ನೋಡಿ, ಕಾಸಿ ಆರಿಸಿ, ಹತ್ತಿಯ ಅರಳಿ ತುದಿಯಿಂದ ಹನಿ ಹನಿ ಹಾಕಿದರು. ಎರಡು ದಿನ ಹಂಗ ಹಾಕಿದರು. ಮೂರನೇ ಮುಂಜಾನಿ ಮಗಳು ಬಾಯಿ ತೆರೆದು ಅತ್ತಳು. ಅತ್ತಿ ದೀಪಾ ಹತ್ತಿರ ತಂದರು. ಎಡಗಣ್ಣಿನ ಮೂಲಿಯಾಗ ಒಂದು ಹನಿ ಬಂದು ನಿಂತಿತ್ತು. ಅತ್ತಿ ಅದನ್ನ ಬೆರಳಿಗೆ ತಗೊಂಡು ನನಗ ತೋರಿಸಿದರು, ಹರಳು ಸಿಕ್ಕಂಗ. ಆಮ್ಯಾಲೆ ಇಬ್ಬರೂ ಅತ್ವಿ.

ಮಳಿಗಾಲ ಸುರು ಆಗೂದಕ್ಕ ನಮ್ಮವರು ಬಂದರು. ಅಂಗಳದಾಗ ಕುಂತು ಹೇಳಿದರು: ಹೋಟೆಲಿನ ಮುಂದಿನ ಗ್ವಾಡಿ ಬಿರಿದೈತಿ, ಆಯಿ ಮನಿ ಸಮುದ್ರಕ್ಕ ಹೋತು, ಅವರು ಮಗನ ಹತ್ತರ ಹೋದರು. "ಬಾವಿ?" ಅಂದೆ. "ಐತಿ. ನೀರಿನ ನಡುವ ನಿಂತೈತಿ. ಸುತ್ತಲೂ ತೆರಿ ಬಡೀತಾವ, ಅದು ಒಂದ ನಿಂತೈತಿ, ಹಸರು ಕಣ ಕಟಗೊಂಡು. ಹೊಳ್ಳಿ ನೋಡೂ ಧೈರ್ಯ ಆಗಲಿಲ್ಲ" ಅಂದರು. ಸಮುದ್ರದೊಳಗ ಬಾವಿ. ಈಗೂ ಒಮ್ಮೊಮ್ಮೆ ಬಿಸಲಾಗ ಕುಂತಾಗ ಕಣ್ಣಿಗೆ ಬರತೈತಿ. ಬೆಳೆಯೂದು ನಿಂತೈತೋ ಇಲ್ಲೋ ಯಾರಿಗೆ ಗೊತ್ತು.

ಅತ್ತಿ ಹೋಗಿ ಬಾಳ ವರ್ಷ ಆತು. ಅವರ ಮೊಮ್ಮಗಳು ಈಗ ಅವ್ವ ಆಗ್ಯಾಳ. ದವಾಖಾನಿಯಾಗ ಕೂಸಿಗೆ ಎರೆಯಾಕ ನೀರು ತಂದಾಗ ನಾನು ಮೊದಲು ಬಟ್ಟಲದಾಗ ತಗೊಂಡು ಕುಡದು ನೋಡಿದೆ. ನರ್ಸಬಾಯಿ, "ಅಜ್ಜಿ, ಅದು ಮೈ ತೊಳಿಯಾಕರಿ, ಕುಡಿಯಾಕಲ್ಲ" ಅಂತ ನಕ್ಕಳು. ನಗಲಿ ಬಿಡು. ಮನಿಯೊಳಗ ನಳದ ನೀರು, ಟ್ಯಾಂಕರ ನೀರು, ಏನ ಬರಲಿ, ಮೊದಲು ನನ್ನ ನಾಲಿಗಿಗೆ ಬರಬೇಕು. ಮಗಳು ಬೈತಾಳ, ಆದರ ಬಟ್ಟಲಾ ಮಾತ್ರ ನನ್ನ ಕೈಯಾಗ ಕೊಡತಾಳ.

ಮೊನ್ನೆ ಮೊಮ್ಮಗಳ ಕಣ್ಣಾಗ ಮೂಡಿದ ಹನಿ ಬೆರಳಿಗೆ ತಗೊಂಡು ನಾಲಿಗಿಗೆ ಹಚ್ಚಿ ಅದನ್ನೂ ನೋಡಿದೆ. ಉಪ್ಪಿತ್ತು. ಅದ, ಅತ್ತಿ ದೀಪದ ಮುಂದ ಹಿಡಿದು ತೋರಿಸಿದ್ದ ಹನಿ. ಅವಾಗ ಎದ್ದು ಸಕ್ಕರಿ ಡಬ್ಬಿ ಎತ್ತಿಕೊಂಡು ಓಣಿಗೆ ಹೊಂಟೆ.