ಸರೋಜಕ್ಕನ ಕೈಗೆ ನಾನು ಹೊರಿಸಿದ ತಪ್ಪು

ಸರೋಜಕ್ಕ, ನಿಮ್ಮ ಕಂಪ್ಯೂಟರು ನಿಂತು ನಿಂತು ಹೋಗುತ್ತಿದ್ದದ್ದು ನಿಮ್ಮ ಕೈಯಿಂದಲ್ಲ. ಅದರೊಳಗಿನ ಒಂದು ಸಾಮಾನನ್ನು ನಾನು ಕದ್ದಿದ್ದೆ. ಕದ್ದು ನನ್ನ ಕಂಪ್ಯೂಟರಿಗೆ ಹಾಕಿಕೊಂಡಿದ್ದೆ — ಹೊಟ್ಟೆಪಾಡಿಗಲ್ಲ, ಒಂದು ಕಾರ್ ರೇಸ್ ಆಟ ಆಡುವುದಕ್ಕೆ. ಆಮೇಲೆ ನೀವು ಬಂದು ಕೇಳಿದಾಗ, ನಿಮ್ಮ ಕೈ ಭಾರ ಅಂದುಬಿಟ್ಟೆ.

ಇಷ್ಟು ಹೇಳುವುದಕ್ಕೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಈಗಲೂ ಬರೆಯುವಾಗ ಪೆನ್ನು ನಿಲ್ಲುತ್ತದೆ. ನಿಮ್ಮನ್ನು ಅರಿಯದವರು ಇದನ್ನು ಓದಿದರೂ ನೀವು ಯಾರು, ನಾನು ಏನು ಮಾಡಿದೆ ಅನ್ನುವುದು ತಿಳಿಯಲಿ ಅಂತ ಮೊದಲಿನಿಂದ ಬರೆಯುತ್ತೇನೆ.

ನಾನು ಓದಿದ್ದು ಎಂಟನೇ ಕ್ಲಾಸು. ಅದೂ ಪೂರ್ತಿ ಅಲ್ಲ. ರೇಡಿಯೋ ರಿಪೇರಿಯವರ ಹತ್ತಿರ ಏಳು ವರ್ಷ ಕೂತು ಕಲಿತು, ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದೆ ಸ್ವಂತ ಅಂಗಡಿ ಇಟ್ಟೆ. ಟೀವಿ, ಟೇಪ್‌ರೆಕಾರ್ಡರು, ಮಿಕ್ಸಿ — ಏನು ತಂದರೂ ಆಗುವುದಿಲ್ಲ ಅಂತ ವಾಪಸ್ ಕಳಿಸಿದವನಲ್ಲ. ತೊಂಬತ್ತಾರನೇ ಇಸವಿಯಲ್ಲಿ ಯಾವುದೋ ಆಫೀಸಿನವರು ಗುಜರಿಗೆ ಹಾಕಿದ್ದ ಒಂದು ಕಂಪ್ಯೂಟರನ್ನು ತೂಕದ ಲೆಕ್ಕದಲ್ಲಿ ತಂದೆ. ಬಿಚ್ಚಿ, ಒಂದೊಂದು ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು, ಮೂರು ತಿಂಗಳಿಗೆ ಅದನ್ನು ಎಬ್ಬಿಸಿದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಪರದೆ ಬೆಳಗಿದ ದಿವಸ ಅಂಗಡಿಯಲ್ಲಿ ಒಬ್ಬನೇ ಚಪ್ಪಾಳೆ ಹೊಡೆದಿದ್ದೆ. ಆ ಹೆಮ್ಮೆ ತಪ್ಪಲ್ಲ. ಅದು ಮುಂದೆ ಎಲ್ಲಿಗೆ ಹೋಯಿತು ಅನ್ನುವುದೇ —

ಅದರಲ್ಲಿ ಆಟ ಆಡುವ ಚಟ ಹತ್ತಿತು. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ನಾಲ್ಕೈದು ಜನ ಸ್ನೇಹಿತರು ಸೇರುತ್ತಿದ್ದೆವು. ಹೊಸ ಹೊಸ ಆಟದ ಸೀಡಿಗಳು ಬರುತ್ತಿದ್ದವು, ನನ್ನ ಡಬ್ಬ ಅವಕ್ಕೆ ಸಾಕಾಗುತ್ತಿರಲಿಲ್ಲ. ಹೊಸದು ಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಚೂರುಚೂರಾಗಿ ಬದಲಾಯಿಸುತ್ತಾ ಬಂದೆ. ಒಂದು ತಿಂಗಳು ಬೋರ್ಡು, ಇನ್ನೊಂದು ತಿಂಗಳು ಸೌಂಡ್ ಕಾರ್ಡು, ಎಲ್ಲವೂ ಸೆಕೆಂಡ್‌ಹ್ಯಾಂಡು. ಮನೆ ದುಡ್ಡು ಮುಟ್ಟುವ ಹಾಗಿಲ್ಲ ಅಂತ ನನ್ನ ಹೆಂಡತಿ ಗೌರಿ ಕಟ್ಟುನಿಟ್ಟು ಮಾಡಿದ್ದಳು. ಹೊತ್ತಿಗೆ ಮುಂಚೆ ಬಾಗಿಲು ತೆಗೆದು ಎರಡು ಮಿಕ್ಸಿ ಹೆಚ್ಚಿಗೆ ರಿಪೇರಿ ಮಾಡಿದರೆ ಆ ದುಡ್ಡು ಆಟಕ್ಕೆ. ಅಲ್ಲಿಯವರೆಗೆ ಎಲ್ಲವೂ ನನ್ನ ಬೆವರೇ, ಅಕ್ಕ.

ಭಾನುವಾರ ಬರುವವರಲ್ಲಿ ಪುಟ್ಟಸ್ವಾಮಿ ಅಂತ ಒಬ್ಬನಿದ್ದ. ನನ್ನ ಜೊತೆ ಏಳನೇ ಕ್ಲಾಸಿನ ತನಕ ಒಂದೇ ಬೆಂಚು. ಆಮೇಲೆ ಅವನು ಬಿ.ಎಸ್ಸಿ. ಮಾಡಿದ. ಹೊಸ ಕಾರ್ ರೇಸಿನ ಸೀಡಿ ತಂದದ್ದೂ ಅವನೇ. ಹಾಕಿದರೆ ಕಾರು ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ, ಮತ್ತೆ ಒಂದು ಹೆಜ್ಜೆ.

"ಏನ್ಲಾ ಚಂದ್ರ, ಕಾರೋ ಕಬ್ಬಿನ್ ಗಾಡಿಯೋ ಇದು? ಇಳ್ದು ತಳ್ಳನಾ?" ಅಂದ ಪುಟ್ಟಸ್ವಾಮಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಅಲ್ಲಿಗೆ ನಿಲ್ಲಿಸಲಿಲ್ಲ. "ಎಂಟ್ನೇ ಕ್ಲಾಸ್ನೋನ್ ಕಂಪ್ಯೂಟ್ರು ಕಣ್ರಲಾ, ಎಂಟ್ನೇ ಕ್ಲಾಸ್ಗೇ ನಿಂತೋಯ್ತದೆ ಬುಡಿ!"

ಪ್ರೀತಿಯ ಮಾತೇ ಅದು. ಅವನಿಗೆ ಮರುಕ್ಷಣ ಮರೆತೂ ಹೋಗಿರಬೇಕು. ನನಗೆ ಮಾತ್ರ ಮೈಯೆಲ್ಲ ಉರಿಯಿತು. "ಬರೋ ಭಾನ್ವಾರ ಬಾರ್ಲಾ, ತೋರುಸ್ತೀನಿ ಓಡೋದು ಅಂದ್ರೆ ಏನು ಅಂತ" ಅಂದೆ. ಎಲ್ಲರ ಎದುರಿಗೆ ಅಂದೆ. ಬೇಕಾಗಿದ್ದದ್ದು ಒಂದೇ ಸಾಮಾನು — ರ‍್ಯಾಮ್. ಬೆರಳುದ್ದದ ಹಸಿರು ಪಟ್ಟಿ. ಕಂಪ್ಯೂಟರು ಒಂದೇ ಸಲಕ್ಕೆ ಎಷ್ಟು ಕೆಲಸ ಹೊರಬಲ್ಲದು ಅನ್ನುವುದು ಅದರ ಮೇಲೆ ನಿಂತಿರುತ್ತದೆ. ನನ್ನದರಲ್ಲಿ ಒಂದು ಪಟ್ಟಿ ಇತ್ತು. ಆ ಆಟಕ್ಕೆ ಎರಡು ಬೇಕಿತ್ತು. ಆ ತಿಂಗಳು ಅದನ್ನು ಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಅದೇ ವಾರ ನಿಮ್ಮ ಕಂಪ್ಯೂಟರು ನನ್ನ ಮೇಜಿನ ಮೇಲಿತ್ತು.

ಶ್ರೀರಂಗಪಟ್ಟಣದ ಕೋರ್ಟಿನ ಎದುರು ಸರೋಜಕ್ಕನ ಟೈಪಿಂಗ್ ಮಳಿಗೆ ಅಂದರೆ ಆಗ ಗೊತ್ತಿಲ್ಲದವರಿಲ್ಲ. ನಿಮ್ಮ ಟೈಪ್‌ರೈಟರಿನ ಸದ್ದು ರಸ್ತೆಯ ಆಚೆ ಹೋಟೆಲಿನಲ್ಲಿ ಕಾಫಿ ಕುಡಿಯುವವರಿಗೆ ಕೇಳುತ್ತಿತ್ತು. ವಕೀಲರು ನಿಮ್ಮ ಹತ್ತಿರವೇ ಬರುತ್ತಿದ್ದದ್ದಕ್ಕೆ ಒಂದು ಕಾರಣವಿತ್ತು. ಹಾಳೆಯ ಕೆಳಗೆ ಹಾಳೆ, ನಡುವೆ ಕಾರ್ಬನ್ನು — ಒಂದೇ ಸಲಕ್ಕೆ ಐದು ಪ್ರತಿ. ಬೇರೆಯವರು ಹೊಡೆದರೆ ಮೂರನೆಯದಕ್ಕೇ ಅಕ್ಷರ ಮಸುಕು. ನಿಮ್ಮದು ಐದನೇ ಪ್ರತಿಯೂ ಮೊದಲನೆಯದರ ಹಾಗೆ. ಅದು ನಿಮ್ಮ ಬೆರಳಿನ ಪೆಟ್ಟು. ಹದಿನೆಂಟು ವರ್ಷ ತಾಯಿಯನ್ನು ಸಾಕಿದ್ದು, ತಂಗಿಯ ಮದುವೆ ಮಾಡಿದ್ದು ಆ ಪೆಟ್ಟು.

ಕಾಲ ಬದಲಾಗುತ್ತಿದೆ ಅಂತ ನಾಲ್ಕು ಟೈಪ್‌ರೈಟರಿನಲ್ಲಿ ಎರಡನ್ನು ಮಾರಿ ನನ್ನ ಹತ್ತಿರ ಬಂದಿರಿ. ಲಗ್ನಪತ್ರಿಕೆ, ಸಣ್ಣ ಪುಸ್ತಕ, ಇಂಥ ಕನ್ನಡದ ಕೆಲಸ ಕಂಪ್ಯೂಟರಿನಲ್ಲಿ ಮಾಡಬೇಕು ಅಂತ ನಿಮ್ಮ ಆಸೆ. ನಾನೇ ಬೆಂಗಳೂರಿಗೆ ಹೋಗಿ ಸಾಮಾನು ತಂದೆ. ಸಾಮಾನಿನ ಬಿಲ್ಲು ತೋರಿಸಹೋದರೆ ನೀವು ನೋಡಲಿಲ್ಲ. "ಬುಡು ಚಂದ್ರು, ನೀನು ತಂದ್ಮೇಲೆ ಅದ್ರಲ್ಲಿ ನೋಡೋದೇನಿದ್ದದು" ಅಂದಿರಿ.

ಎರಡು ಪಟ್ಟಿ ಹಾಕಿ ಜೋಡಿಸಿದ್ದೆ. ಶನಿವಾರ ಸಂಜೆ ಒಂದನ್ನು ಕಿತ್ತೆ. ಭಾನುವಾರ ಒಂದು ದಿನಕ್ಕೆ, ಸೋಮವಾರ ವಾಪಸ್ ಇಡುತ್ತೇನೆ — ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ಕಾರು ಓಡಿತು. ನೀರಿನ ಹಾಗೆ ಓಡಿತು. ಪುಟ್ಟಸ್ವಾಮಿ ನನ್ನ ಬೆನ್ನಿಗೆ ಗುದ್ದಿ, "ಬಡ್ಡೀಮಗ್ನೇ, ಏನ್ ಮಾಡ್ದೆ ಇದ್ಕೆ! ಪಾಸಾಗ್ಬುಟ್ಟೆ ಕಣ್ಲಾ ನೀನು" ಅಂದ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿರಲಿಲ್ಲ. ಸೋಮವಾರ ಬೆಳಗ್ಗೆ ಆ ಪಟ್ಟಿಯನ್ನು ಕೀಳಲು ಕೈ ಹೋಯಿತು — ಹೋಗಿ ಹಿಂದಕ್ಕೆ ಬಂತು. ಒಂದು ಪಟ್ಟಿಯಲ್ಲೇ ನಿಮ್ಮದೂ ನಡೆಯುತ್ತದೆ, ಬರೀ ಅಕ್ಷರ ಹೊಡೆಯುವುದು ತಾನೇ, ಅಂದುಕೊಂಡೆ.

ತಂದು ನಿಮ್ಮ ಮಳಿಗೆಯಲ್ಲಿ ಇಟ್ಟಾಗ ನೀವು ಪರದೆಗೆ ಅರಿಸಿನ ಕುಂಕುಮ ಇಟ್ಟು, ಊದಿನಕಡ್ಡಿ ಹಚ್ಚಿ, ನನ್ನ ಕೈಗೆ ವೀಳ್ಯದೆಲೆಯ ಮೇಲೆ ಒಂದು ಷರಟಿನ ಬಟ್ಟೆ ಇಟ್ಟು ಕೊಟ್ಟಿರಿ. ತೆಗೆದುಕೊಂಡೆ. ಹೊಲಿಸಿಯೂ ಹಾಕಿಕೊಂಡೆ.

ಹತ್ತು ದಿನಕ್ಕೆ ನಿಮ್ಮ ದೂರು ಬಂತು. ಕನ್ನಡ ಅಕ್ಷರದ ಸಾಫ್ಟ್‌ವೇರು ತೆರೆದರೆ ಯಂತ್ರ ಏದುಸಿರು ಬಿಡುತ್ತಿತ್ತು. ಎರಡು ಪುಟ ಆಗುವಷ್ಟರಲ್ಲಿ ಪರದೆ ಕಲ್ಲಾಗುತ್ತಿತ್ತು. ಹೊಡೆದದ್ದೆಲ್ಲ ಹೋಗುತ್ತಿತ್ತು. ನಾನು ಬಂದೆ. ಮೂರು ನಾಲ್ಕು ಕಡೆ ಮುಟ್ಟಿ ನೋಡಿದವನ ಹಾಗೆ ಮಾಡಿದೆ.

"ಏನಾಗೈತೆ ಚಂದ್ರು? ನಂದೇನಾರ ತಪ್ಪಾ?" ಅಂದಿರಿ.

ಇಲ್ಲ ಅನ್ನಬಹುದಿತ್ತು. ಗೊತ್ತಾಗುತ್ತಿಲ್ಲ ಅನ್ನಬಹುದಿತ್ತು — ಅದೂ ಸುಳ್ಳೇ, ಆದರೆ ನಿಮ್ಮನ್ನು ಮುಟ್ಟುವ ಸುಳ್ಳಲ್ಲ. ಗೊತ್ತಾಗುತ್ತಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ, ಅಕ್ಕ. ಅಷ್ಟು ಗರ್ವ. ನಾನು ಅಂದದ್ದು ಇದು: "ನಿಮ್ ಕೈ ಭಾರ ಅಕ್ಕ. ಟೈಪ್‌ರೈಟ್ರು ಕುಟ್ದಂಗೆ ಕುಟ್ತೀರ. ಇದು ಸೂಕ್ಷ್ಮ ಸಾಮಾನು, ತಡ್ಕಳಲ್ಲ."

ನೀವು ನಿಮ್ಮ ಎರಡೂ ಕೈ ಮುಂದೆ ಹಿಡಿದು, ತಿರುಗಿಸಿ ನೋಡಿಕೊಂಡಿರಿ. ಆಮೇಲೆ ನಕ್ಕಿರಿ. "ನಮ್ಮವ್ವನೂ ಅದೇ ಅಂತಾಳೆ ಕಣಪ್ಪ, ರೊಟ್ಟಿ ತಟ್ಟುದ್ರೆ ಹೆಂಚೇ ಬಿರೀತದೆ ಅಂತ."

ಒಂದು ತಿಂಗಳಾದ ಮೇಲೆ ನಾನು ಮತ್ತೆ ಬಂದೆ. ನೀವು ನನ್ನನ್ನು ನೋಡಲಿಲ್ಲ. ಮೇಜಿನ ಮೇಲೆ ಕಂಬಳಿ ಮಡಿಸಿಟ್ಟು, ಅದರ ಮೇಲೆ ಹತ್ತೂ ಬೆರಳಾಡಿಸುತ್ತಾ ಕೂತಿದ್ದಿರಿ. ಕೀಲಿಮಣೆ ಇಲ್ಲ, ಕಾಗದ ಇಲ್ಲ. ಬಾಯಲ್ಲಿ ಒಂದೊಂದೇ ಅಕ್ಷರ ಹೇಳಿಕೊಳ್ಳುತ್ತಾ, ಕಂಬಳಿಯ ಕೂದಲೂ ಅಲುಗದ ಹಾಗೆ.

"ಏನಕ್ಕ ಇದು?"

"ಸದ್ದಿಲ್ದಂಗೆ ಹೊಡ್ಯೋದು ಕಲೀತಾ ಇವ್ನಿ ಚಂದ್ರು. ಹದಿನೆಂಟು ವರ್ಸದ್ ಅಭ್ಯಾಸ, ಬುಡು ಅಂದ್ರೆ ಬುಡ್ತದಾ?"

ಆಗ ಹೇಳಬೇಕಿತ್ತು. ನನ್ನ ಬದುಕಿನಲ್ಲಿ ಒಂದು ಗಳಿಗೆಯನ್ನು ವಾಪಸ್ ಕೊಡುತ್ತೇವೆ ಅಂದರೆ ನಾನು ಕೇಳುವುದು ಅದೊಂದನ್ನೇ. ನಾನು ಮಾಡಿದ್ದು ಏನು ಗೊತ್ತಾ — ಸ್ಟೂಲು ಎಳೆದುಕೊಂಡು ಕೂತು, "ಹೂಂ, ಇನ್ನೂ ಸ್ವಲ್ಪ ಹಗೂರ ಆಗ್ಬೇಕು" ಅಂದೆ.

ಮುಂದಿನ ತಿಂಗಳು ಹೇಗೋ ದುಡಿದು ನನಗೆ ಅಂತಲೇ ಒಂದು ಪಟ್ಟಿ ತಂದೆ, ನನ್ನ ಡಬ್ಬದಲ್ಲಿದ್ದ ನಿಮ್ಮದನ್ನು ಕಿತ್ತುಕೊಂಡು ನಿಮ್ಮ ಮಳಿಗೆಗೆ ಬಂದೆ. ಧೂಳು ಹೊಡೆಯುತ್ತೇನೆ ಅಂತ ಹೇಳಿ ಡಬ್ಬ ಬಿಚ್ಚಿ, ಅದರ ಜಾಗದಲ್ಲಿ ಕೂರಿಸಿದೆ. ಯಂತ್ರ ಸರಾಗವಾಗಿ ನಡೆಯಿತು. ನೀವು ಎಷ್ಟು ಸಂತೋಷಪಟ್ಟಿರಿ! "ಕೊನೆಗೂ ಕೈ ಹಗೂರಾಯ್ತು ನೋಡು!" ಅಂದಿರಿ. ಕದ್ದ ಪಟ್ಟಿಯನ್ನು ನಾನು ವಾಪಸ್ ಇಟ್ಟೆ, ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡು ಸೈಕಲ್ ಹತ್ತಿದೆ. ಬಾಯಲ್ಲಿ ಹಾಡೂ ಇತ್ತು.

ಸರಿಹೋಗಿರಲಿಲ್ಲ. ಆ ವರ್ಷಗಳಲ್ಲಿ ಹಗಲು ಅರ್ಧ ಹೊತ್ತು ಕರೆಂಟು ಇರುತ್ತಿರಲಿಲ್ಲ. ಕಂಪ್ಯೂಟರಿನ ಕೆಲಸ ವಾರಕ್ಕೆ ಒಂದೋ ಎರಡೋ. ಅನ್ನ ಹಾಕುತ್ತಿದ್ದದ್ದು ವಕೀಲರ ಟೈಪಿಂಗೇ. ಆ ಟೈಪ್‌ರೈಟರಿನ ಮುಂದೆ ಈಗ ಕೂತಿದ್ದದ್ದು ಕಂಬಳಿಯ ಮೇಲೆ ಕಲಿತ ಕೈ. ಮೊದಲ ಪ್ರತಿ ಚೆನ್ನಾಗಿ ಬರುತ್ತಿತ್ತು, ಮೂರನೆಯದು ಮಸುಕು. ಐದನೆಯದು — ಬಿಳೀ ಹಾಳೆಯ ಮೇಲೆ ಹೊಗೆ. ವಕೀಲರೊಬ್ಬರು ಅದನ್ನು ಬಿಸಿಲಿಗೆ ಹಿಡಿದು, "ಏನಮ್ಮ ಸರೋಜಮ್ಮ, ಇದ್ನ ಜಡ್ಜ್ ಓದ್ಬೇಕಾ, ಊಹೆ ಮಾಡ್ಕೋಬೇಕಾ?" ಅಂದರಂತೆ. ನೀವೇ ನನಗೆ ಹೇಳಿದ್ದು ಇದು, ನಗುತ್ತಲೇ. ಮತ್ತೆ ಜೋರಾಗಿ ಹೊಡೆಯಲು ನೋಡಿದಿರಿ. ಆಗ ಹಾಳೆ ತೂತಾಗುತ್ತಿತ್ತು. ಮೊದಲು ಯೋಚಿಸದೆ ಬೀಳುತ್ತಿದ್ದ ಪೆಟ್ಟು ಈಗ ಪ್ರತಿ ಅಕ್ಷರಕ್ಕೂ ನಿಂತು ಕೇಳುತ್ತಿತ್ತು — ಇದು ಹೆಚ್ಚಾಯಿತಾ, ಕಮ್ಮಿಯಾಯಿತಾ. ತಪ್ಪುಗಳು ಬಂದವು, ವೇಗ ಹೋಯಿತು. ಪಕ್ಕದಲ್ಲಿ ಇನ್ನೊಂದು ಮಳಿಗೆ ತೆರೆಯಿತು. ತೊಂಬತ್ತೊಂಬತ್ತರ ಕೊನೆಗೆ ನಿಮ್ಮದು ಮುಚ್ಚಿತು. ನೀವು ತಾಯಿಯನ್ನು ಕರೆದುಕೊಂಡು ನಾಗಮಂಗಲದ ತಂಗಿಯ ಊರಿಗೆ ಹೋದಿರಿ, ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕುತ್ತೀರಿ ಅಂತ ಕೇಳಿದೆ.

ಕಂಪ್ಯೂಟರು ಬಂದಮೇಲೆ ಟೈಪಿಸ್ಟುಗಳ ಕಾಲ ಹೇಗೂ ಮುಗಿಯುತ್ತಿತ್ತು ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಮಾತನ್ನು ಇಲ್ಲಿ ವಾದವಾಗಿ ಇಡುವುದಿಲ್ಲ. ಕಾಲ ಮುಗಿಸಿದ್ದರೆ ನಿಮ್ಮ ಕೆಲಸ ಹೋಗುತ್ತಿತ್ತು, ಕೈಯ ಮೇಲಿನ ನಂಬಿಕೆ ಹೋಗುತ್ತಿರಲಿಲ್ಲ. ಅದನ್ನು ತೆಗೆದವನು ನಾನು.

ಕಳೆದ ತಿಂಗಳು ನಾಗಮಂಗಲಕ್ಕೆ ಬಂದಿದ್ದೆನಲ್ಲ, ಹೇಳಲೆಂದೇ ಬಂದಿದ್ದೆ. ಪಾಂಡವಪುರದಿಂದ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಗುರುತು ಹಿಡಿದು, ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಎದುರು ಮನೆಯ ಹೆಂಗಸನ್ನು ಕೂಗಿ ಕರೆದಿರಿ. "ಬಾರೇ ಇಲ್ಲಿ, ನಮ್ ಚಂದ್ರು ಬಂದವ್ನೆ. ಎಲ್ರೂ ನನ್ ಕೈನ ಹೊಗುಳ್ತಾ ಇದ್ರು ಕಣೆ, ಅದ್ರಲ್ಲಿರೋ ಐಬ ಮುಖಕ್ಕೆ ಹೇಳ್ದೋನು ಇವ್ನೊಬ್ನೇ. ಸುಳ್ಳಾಡೋ ಮನ್ಸ ಅಲ್ಲ."

ನಾನು ಮಜ್ಜಿಗೆಯ ಲೋಟ ಕೆಳಗಿಡಲಿಲ್ಲ. ತಲೆ ಆಡಿಸಿದೆ. ಹೌದು ಅನ್ನುವ ಹಾಗೆ ಆಡಿಸಿದೆ, ಅಕ್ಕ.

ಮೊದಲ ಸಲ ಕದ್ದಾಗ ನನಗೆ ಮೂವತ್ತೊಂದು ವರ್ಷ. ಈ ಸಲ ಆ ಹೊಗಳಿಕೆಯನ್ನು ಕದ್ದಾಗ ತಲೆ ಪೂರ್ತಿ ನರೆತಿದೆ.

ಬರುವ ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ. ಬಾಯಿ ಮತ್ತೆ ಕೈಕೊಡುತ್ತದೆ ಅಂತ ಗೊತ್ತಿರುವುದರಿಂದ ಇದನ್ನು ಬರೆದು ತರುತ್ತಿದ್ದೇನೆ. ನೀವು ಓದಿ ಮುಗಿಸುವ ತನಕ ಅದೇ ಜಗಲಿಯ ಮೇಲೆ ಕೂತಿರುತ್ತೇನೆ. ಎದುರು ಮನೆಯವರನ್ನು ಕರೆಯಿರಿ, ಅವರಿಗೂ ಓದಿ ಹೇಳಿ. ಆಮೇಲೆ ನೀವು ಏಳು ಅಂದರೆ ಎದ್ದು ಹೋಗುತ್ತೇನೆ.