ಗಜೇಂದ್ರಗಡದ ಗುಡ್ಡದಲ್ಲಿ ಸುಣ್ಣದ ಗುರುತು

ಗಜೇಂದ್ರಗಡದ ಗುಡ್ಡದಲ್ಲಿ ಮೊಬೈಲಿನ ನಕ್ಷೆ ನನ್ನನ್ನು ಕೊಳ್ಳದ ಅಂಚಿಗೆ ತಂದು ನಿಲ್ಲಿಸಿತ್ತು.

“ಆ ಕಡೆ ಹೋಗಬ್ಯಾಡ್ರಿ! ಬಿಳಿ ಗುರ್ತ ನೋಡಕೋತ ಬರ್ರಿ,” ಎಂದು ಹೆಂಗಸೊಬ್ಬಳು ಕೂಗಿದಳು. ಹೆಸರು ಯಲ್ಲವ್ವ. ದಾರಿಯ ಬಂಡೆಗಳಿಗೆ ಸುಣ್ಣ ಬಳಿಯುತ್ತಿದ್ದಳು.

“ಯಾರು ಹಚ್ಚೋಕೆ ಹೇಳಿದ್ರು, ಅಕ್ಕಾ?”

“ಯಾರೂ ಹೇಳಿಲ್ರಿ. ಮೊದಲಿಂದ ನಾನ ಹಚ್ಚತೀನಿ. ಹ್ವಾದ ವರ್ಷ ಮಳಿಗೆ ಗುರ್ತ ಅಳಿಸಿ ಹೋಗಿದ್ವು. ನಾಳಿ ಹಚ್ಚಿದ್ರಾತಂತ ಬಿಟ್ಟೆ. ಅವತ್ತ ಸಂಜಿ, ಸವಡಿ ಊರಿಗೆ ಕೊಟ್ಟಿದ್ದ ನನ್ನ ತಂಗಿ ನನ್ನ ನೋಡಾಕ ಗುಡ್ಡ ದಾಟಿ ಬರಾಕತ್ತಿದ್ಲು. ಮಬ್ಬಿನ್ಯಾಗ ದಾರಿ ತಪ್ಪಿ ಇಲ್ಲೇ ಬಿದ್ದು ಸತ್ಲು.”

ನಾನೂ ಹಚ್ಚುತ್ತೇನೆಂದು ಕೈ ಚಾಚಿದೆ. ಆಕೆ ಕುಂಚ ಕೊಡಲಿಲ್ಲ.

ಮುಂದಿನ ಬಂಡೆಯ ಗುರುತು ಇನ್ನೂ ಬೆಳ್ಳಗೇ ಇತ್ತು. ಯಲ್ಲವ್ವ ಅದರ ಮೇಲೆಯೇ ಮತ್ತೊಮ್ಮೆ ಬಳಿದಳು.